ಮೂವತ್ತರೊಳಗೊಂದು ಸುಳ್ಳುಗಂಟು

ಒಂದು ಒಗಟು ಹೇಳುತ್ತೇನೆ, ಬಿಡಿಸಿರಿ. ಒಂದು ಚೀಲದಾಗ ಮೂವತ್ತು ಗಾಳದ ದಾರ. ಬಣ್ಣ ಒಂದೇ, ಉದ್ದ ಒಂದೇ, ಗಂಟೂ ಒಂದೇ ಥರ. ಇಪ್ಪತ್ತೊಂಬತ್ತು ಆನೆ ಜಗ್ಗಿದರೂ ಬಿಚ್ಚುವುದಿಲ್ಲ. ಇನ್ನೊಂದು ಮಾತ್ರ ಜಟಕಿ ಕೊಟ್ಟರೆ ಸಾಕು, ಜಾರುತ್ತದೆ. ಅದು ಯಾವುದು?

ನಿಮಗೆ ಗೊತ್ತಾಗುವುದಿಲ್ಲ. ಕಟ್ಟಿದ ನನಗೇ ಗೊತ್ತಿಲ್ಲ. ಇಂಥ ಫಜೀತಿಗಳು ನನ್ನ ಬೆನ್ನು ಹತ್ತಿ ಬರುತ್ತವೋ, ನಾನೇ ಕರೆದು ಚಾಪೆ ಹಾಸುತ್ತೇನೋ, ಅದೂ ಗೊತ್ತಿಲ್ಲ. ನಾಲ್ಕು ಮಂದಿ ನಗಲಿ ಅಂತ ಏನೋ ಮಾಡುತ್ತೇನೆ. ಕಡೆಗೆ ನೋಡಿದರೆ ಓಡುವ ಪಾಳಿ ನನ್ನದೇ ಆಗಿರುತ್ತದೆ.

೧. ಎಮ್ಮಿಕರದಷ್ಟು ಮೀನು

ನಮ್ಮೂರು ಬಳಗಾನೂರಿನ ಹತ್ತಿರ. ಕಾಲುವೆ ಐತಿ, ಕಾಲುವೆಯಾಗ ಮೀನೂ ಅದಾವ. ನನ್ನ ಗೆಳೆಯನೊಬ್ಬ ಗಾಳ ಕಟ್ಟಿಕೊಡು ಎಂದು ದುಂಬಾಲು ಬಿದ್ದ. ನಾನು ಅವನಿಗಂತಲೇ ಒಂದು ಗಂಟು ಕಂಡುಹಿಡಿದೆ. ನೋಡಾಕ ಗಟ್ಟಿ, ಮೆಲ್ಲಗೆ ಜಗ್ಗಿದರೂ ಗಟ್ಟಿ, ಜೋರಾಗಿ ಜಟಕಿ ಕೊಟ್ಟರೆ ಮಾತ್ರ ಜಾರಿ ಬಿಚ್ಚುತ್ತದೆ. ಅದಕ್ಕೆ ಸುಳ್ಳುಗಂಟು ಅಂತ ಹೆಸರಿಟ್ಟೆ.

ಮೀನು ಕಚ್ಚಿತು. ಅವ ಎರಡೂ ಕೈಯಿಂದ ಜಗ್ಗಿದ. ಗಂಟು ಬಿಚ್ಚಿತು. ಅವ ಹಿಂದಕ್ಕೆ ಹೋಗಿ ನೆಲ್ಲಿನ ಗದ್ದೆಯ ಕೆಸರಿನಲ್ಲಿ ಕುಂತ.

"ಎಷ್ಟ್ ದೊಡ್ಡದಿತ್ತಲೇ, ದಾರಾನ ಬಿಚ್ಚಿಕೊಂಡು ಹೋತು," ಅಂದ ಮುಖ ಒರೆಸಿಕೊಳ್ಳುತ್ತ.

"ಹೌದಲೇ, ಎಮ್ಮಿಕರದಷ್ಟಿತ್ತು," ಅಂದೆ.

ಅದು ಅಂಗೈಯಷ್ಟಿತ್ತು. ಈಗಲೂ ಅವ ಆ ಮೀನಿನ ಅಳತೆ ತೋರಿಸಬೇಕಾದರೆ ಪಕ್ಕದಲ್ಲಿದ್ದವರು ಸರಿದು ನಿಲ್ಲಬೇಕು.

೨. ಭಾವನ ಹುಬ್ಬು

ಅಕ್ಕನ ಗಂಡ ಮಲ್ಪೆ ಕಡೆ ಸಮುದ್ರದ ಬೋಟಿನಲ್ಲಿ ದುಡಿಯುತ್ತಾನೆ. ಮಳೆಗಾಲದಲ್ಲಿ ಬೋಟು ಬಂದ್ ಆದರೆ ಊರಿಗೆ ಬರುತ್ತಾನೆ. ಅಕ್ಕ ಚೊಚ್ಚಿಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು, ಅದಕ್ಕೆ ಈ ಸಲ ಭಾವನೂ ನಮ್ಮಲ್ಲೇ ಇದ್ದ.

"ಅಂಗಡ್ಯಾಗ ಕೊಂಡಿದ್ದು ನಂಬಾಕ ಬರಂಗಿಲ್ಲಲೇ. ಈ ಸಲ ಮನ್ಯಾಗ ನಾವಾ ಕಟ್ಟೂಣು," ಅಂದ. ಒಂದು ಉದ್ದ ದಾರ, ಅದಕ್ಕೆ ಮೂರು ಟೊಂಗೆ, ಟೊಂಗೆಗೊಂದು ಗಾಳ, ಬುಡಕ್ಕೆ ಸೀಸದ ಗುಂಡು. ಇಂಥವು ಮೂವತ್ತು ಬೇಕು. ಗಂಟು ಬಿಗಿಯುವ ಮೊದಲು ಅದಕ್ಕೆ ಉಗುಳು ಹಚ್ಚಬೇಕು. ಒಣಗಂಟು ಬಿಗಿದರೆ ಪ್ಲಾಸ್ಟಿಕ್ ದಾರ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ.

"ಬಿಚ್ಚಿದ್ರ ಏನಾತು ಭಾವ, ಮೀನು ಹೊಕ್ಕೈತಿ, ಅಷ್ಟ ಅಲ್ಲ?"

ಅವ ಹುಬ್ಬಿನ ಕೆಳಗಿನ ಗಾಯ ತೋರಿಸಿದ. "ಬಿಗಿದ ದಾರ ಬಿಚ್ಚಿದ್ರ ಸೀಸ ಬಂದೂಕಿನ ಗುಂಡಿನಂಗ ಹಿಂದಕ ಬರ್ತೈತಿ. ನನಗ ಇಲ್ಲಿ ಬಡದೈತಿ. ಬಾಜೂಕ ನಿಂತಾವಗ ಕಣ್ಣಿಗೇ ಬಡೀತು. ಹುಂ, ಉಗುಳು ಹಚ್ಚು."

ದಾರ ಬಾಯಲ್ಲಿಟ್ಟುಕೊಂಡೆ. ಬಾಯಲ್ಲಿ ಉಗುಳೇ ಇರಲಿಲ್ಲ.

೩. ಅವ್ವನ ಸೌಟು

ಸೀಸ ಹುಡುಕಿಕೊಂಡು ಲಿಂಗಸುಗೂರಿನ ಪಂಚರ್ ಅಂಗಡಿಗೆ ಹೋದೆ. ಗಾಲಿಯ ತೂಕ ಸರಿದೂಗಿಸಲು ಹಾಕುವ ಹಳೇ ಸೀಸದ ತುಂಡು ಅಲ್ಲಿ ಬಿದ್ದಿರುತ್ತವೆ.

"ಎದಕ ಬೇಕಲೇ?"

"ಸಮುದ್ರಕ್ಕ ರೀ."

ಅಂಗಡಿಯವ ನನ್ನನ್ನು ನೋಡಿದ, ಬಿಸಿಲು ನೋಡಿದ. "ನೀರು ಕುಡಿ ಮೊದಲ," ಅಂದ.

ಮನೆಯಲ್ಲಿ ಯಾರೂ ಇಲ್ಲದಾಗ ಸೀಸವನ್ನು ಅವ್ವನ ಸಾರಿನ ಸೌಟಿನಲ್ಲೇ ಕರಗಿಸಿ, ಹಸಿ ಉಸುಕಿನ ಕುಳಿಗೆ ಹೊಯ್ದೆ. ಸೌಟು ತೊಳೆದು ಇದ್ದ ಜಾಗದಲ್ಲಿಟ್ಟೆ. ಭಾವ ಗುಂಡು ನೋಡಿ, "ಚಲೋ ಆಗ್ಯಾವ. ಕರಗಿಸಿದ ಭಾಂಡಿ ಹೊಲಕ್ಕ ಒಗಿ, ಸೀಸ ವಿಷ," ಅಂದ. ಅದೇ ಹೊತ್ತಿಗೆ ಒಳಗೆ ಅವ್ವ ಅಕ್ಕನ ತಾಟಿಗೆ ಸಾರು ಹಾಕುವುದರಲ್ಲಿದ್ದಳು. ಹೊಟ್ಟೆಯಲ್ಲಿ ಕೂಸಿರುವ ಅಕ್ಕ. ನಾನು ಓಡಿಹೋಗಿ ತಾಟಿಗೇ ಒದ್ದೆ. ಕಾರಣ ಕೇಳಿದರು, ಹೇಳಿದೆ.

ಅವ್ವ ಸೌಟನ್ನು ಹೊಲಕ್ಕೆ ಒಗೆಯುವ ಮುಂಚೆ ನನ್ನ ಬೆನ್ನ ಮೇಲೆ ಒಂದು ಸಲ ಬಳಸಿದಳು. ಅದೀಗ ಗಾಳದ ಆಕಾರದಲ್ಲಿ ಹೊಲದಲ್ಲಿ ಬಿದ್ದೈತಿ.

೪. ಅಜ್ಜಾರ ಬೇವಿನ ಗಿಡ

ಕಟ್ಟಿದ ಮೇಲೆ ಒಂದೊಂದಕ್ಕೂ ಕಲ್ಲು ಜೋತುಬಿಟ್ಟು ಒಂದು ದಿನ ಬಿಡಬೇಕು ಅಂತ ಭಾವನ ಹುಕುಂ. ನಮ್ಮ ಮನೆಗೆ ಗಿಡವಿಲ್ಲ. ಬಾಜೂ ಮನೆಯ ಅಜ್ಜಾರ ಬೇವಿನ ಗಿಡಕ್ಕೆ ಇಪ್ಪತ್ತೊಂಬತ್ತು ಕಟ್ಟಿದೆ. ಮೂವತ್ತನೆಯದು ಬಾಕಿ ಇತ್ತು. ಅಷ್ಟರಲ್ಲಿ ಗೆಳೆಯ ಮತ್ತೆ ಬಂದು, ತನಗೂ ಸಮುದ್ರದ ಗಾಳವೇ ಬೇಕೆಂದು ಹಟ ಹಿಡಿದ. ಕೈ ತುರಿಸಿತು. ಅವನಿಗೆ ಒಂದು ಸುಳ್ಳುಗಂಟಿನದು ಕಟ್ಟಿ, ಗುರುತಿಗೆ ಕೆಂಪು ಚಿಂದಿ ಸುತ್ತಿ, ಅದನ್ನೂ ಅಲ್ಲೇ ಜೋತುಬಿಟ್ಟೆ.

ಮರುದಿನ ಅಮಾಸೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಅಜ್ಜಾರು ದಿನಾ ಲಿಂಗಪೂಜೆ ಮಾಡಿ ವಿಭೂತಿ ಹಚ್ಚಿಕೊಂಡೇ ಬಾಗಿಲು ತೆರೆಯುವವರು. ಬಾಗಿಲು ತೆರೆದರೆ ಗಿಡದ ತುಂಬ ಕಲ್ಲು, ಕಬ್ಬಿಣದ ಕೊಕ್ಕೆ, ನಡುವೆ ಕೆಂಪು ಚಿಂದಿ. "ಯಾರೋ ಮಾಟ ಮಾಡ್ಯಾರ," ಎಂದು ಗಳದಿಂದ ಎಲ್ಲವನ್ನೂ ಕಿತ್ತು ಗುಡ್ಡೆ ಹಾಕಿ, ವಿಭೂತಿ ತೂರಿ, ಚಿಂದಿ ಬಿಚ್ಚಿ ಸುಟ್ಟುಬಿಟ್ಟರು. ನಾನು ಹೋಗುವ ಹೊತ್ತಿಗೆ ಚಿಂದಿ ಬೂದಿಯಾಗಿತ್ತು.

"ಅಜ್ಜಾರ, ಅದು ಮಾಟ ಅಲ್ರೀ, ಮೀನು ಹಿಡಿಯೋ ಸಾಮಾನು."

ಅಜ್ಜಾರು ಎರಡೂ ಕಿವಿ ಮುಚ್ಚಿಕೊಂಡರು. "ಮಾಟ ಆಗಿದ್ರ ಹೆಂಗರ ತಡಕೋತಿದ್ದೆ. ನನ್ನ ಗಿಡಕ್ಕ ಮೀನಿನ ಸಾಮಾನೇನೋ?"

೫. ಸಿಂಧನೂರು ಬಸ್ ಸ್ಟ್ಯಾಂಡು

ಭಾವ ಗುಡ್ಡೆ ಎಣಿಸಿದ. "ಮೂವತ್ತು ಬರಾಬರಿ ಅದಾವ. ಶಾಣ್ಯಾ ಆಗೀದಿ ಬಿಡು," ಅಂದ. ಯಾರಾದರೂ ನನ್ನನ್ನು ಶಾಣ್ಯಾ ಅಂದದ್ದು ಅದೇ ಮೊದಲು, ಅದೂ ಆ ದಿನವೇ ಅನ್ನಬೇಕಾ?

ಅವ ಸ್ನಾನಕ್ಕೆ ಹೋದಾಗ ಒಂದೊಂದನ್ನೇ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಜಟಕಿ ಕೊಟ್ಟು ನೋಡಿದೆ. ಹನ್ನೊಂದು ಮುಗಿದವು, ಒಂದೂ ಬಿಚ್ಚಲಿಲ್ಲ. ಹನ್ನೆರಡನೆಯದಕ್ಕೆ ಚಿಲಕವೇ ಕಿತ್ತು ಬಂತು. ಅವ್ವ ಬಂದಳು, ನಾನು ಓಡಿದೆ. ತಿರುಗಿ ಬಂದಾಗ ಭಾವ ಚೀಲದ ಬಾಯಿ ಹೊಲಿದಿದ್ದ.

ಭಾವನನ್ನು ಮಲ್ಪೆಗೆ ಕಳಿಸಲು ಹೋಗಿದ್ದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹೊರಟಾಗ ತಡೆಯಲಾಗಲಿಲ್ಲ. ಕಿಟಕಿ ಹಿಡಿದು ಓಡುತ್ತ ಹೇಳಿಬಿಟ್ಟೆ, "ಭಾವ, ಅದರಾಗ ಒಂದು ಗಂಟು ಸುಳ್ಳೈತಿ. ಯಾವುದಂತ ನನಗೂ ಗೊತ್ತಿಲ್ಲ. ಆಣಿ ಮಾಡಿ ಹೇಳ್ತೀನಿ."

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಜೂ ಸೀಟಿನವನಿಗೆ, "ನನ್ನ ಹೆಂಡ್ತಿ ತಮ್ಮ ರೀ. ಅಳೋರನ್ನೂ ನಗಸ್ತಾನ," ಅಂದ. ಅವನೂ ನಕ್ಕ. ಕಂಡಕ್ಟರೂ ನಕ್ಕ. ಬಸ್ಸು ಮಸ್ಕಿ ದಾರಿ ಹಿಡಿಯಿತು. ನಿಜ ಹೇಳಿ ಇಷ್ಟು ಮಂದಿಯನ್ನು ನಾನು ಎಂದೂ ನಗಿಸಿರಲಿಲ್ಲ.

೬. ಫೋನು

ಬೋಟು ಸಮುದ್ರಕ್ಕೆ ಇಳಿದರೆ ಹತ್ತು ದಿನ ಫೋನು ಹತ್ತುವುದಿಲ್ಲ. ಹತ್ತು ದಿನ ಕಳೆದವು, ಫೋನಿಲ್ಲ. ಅಕ್ಕ ಊಟ ಬಿಟ್ಟಳು. ನನ್ನ ಕಣ್ಣ ಮುಂದೆ ಭಾವನ ಹುಬ್ಬು.

ಹನ್ನೆರಡನೇ ದಿನ ನನ್ನ ಮೊಬೈಲಿಗೆ ಫೋನು ಬಂತು. "ಲೇ, ನಿನ್ನ ಗಂಟು ಬಿಚ್ಚಿತಲೇ," ಅಂದ ಭಾವ. ನನ್ನ ಜೀವ ಹಾರಿಹೋಯಿತು. "ದೊಡ್ಡ ಮೀನು, ಎಮ್ಮಿಕರದಷ್ಟಿತ್ತು. ದಾರ ಮುಂಗೈಗೆ ಸುತ್ತಿಕೊಂಡಿದ್ದೆ. ಬಿಚ್ಚಲಿಲ್ಲಂದ್ರ ನನ್ನ ನೀರಿಗೇ ಎಳಕೊಂಡು ಹೊಕ್ಕಿತ್ತು. ಸೀಸ ತಲಿ ಮ್ಯಾಲೆ ಹಾರಿ ಹೋತು, ನಾ ಹಿಂದಕ ಬಿದ್ದು ಐಸಿನ ಡಬ್ಬಿಯೊಳಗ ಕುಂತೆ. ಇಂಥಾವು ಇನ್ನೊಂದು ಹತ್ತು ಕಟ್ಟು."

ಅಕ್ಕನಿಗೆ ಹೇಳಿದೆ. ಅಕ್ಕ ನಕ್ಕಳು, ಎರಡು ರೊಟ್ಟಿ ತಿಂದಳು. ಮರುದಿನ ತಾಟು ಮುಂದಿಟ್ಟುಕೊಂಡು, "ಇನ್ನೊಮ್ಮೆ ಹೇಳಲೇ," ಅಂದಳು. ಹೇಳಿದೆ. ಅದರ ಮರುದಿನವೂ ಹೇಳಿದೆ.

"ಅಲ್ಲಲೇ, ಮೊನ್ನೆ ಎಮ್ಮಿಕರದಷ್ಟಿತ್ತು, ಇವತ್ತ ಎಮ್ಮಿಯಷ್ಟಾತಲ್ಲ?" ಅಂದಳು. ಆದರೂ ಮೂರನೇ ರೊಟ್ಟಿ ತೊಗೊಂಡಳು.

ನಿಮ್ಮೆದುರು ಹೇಳಿಬಿಡುತ್ತೇನೆ, ಅಕ್ಕನಿಗೆ ಹೇಳಬೇಡಿರಿ. ಆ ಫೋನು ಬಂದಿಲ್ಲ. ಮೀನು, ಐಸಿನ ಡಬ್ಬಿ, ಎಲ್ಲಾ ನಾನೇ ಹುಟ್ಟಿಸಿದ್ದು. ಭಾವನ ನಂಬರು ದಿನಾ ಒತ್ತುತ್ತೇನೆ, ಹತ್ತುವುದಿಲ್ಲ. ಬೋಟು ದಂಡೆಗೆ ಬರುವತನಕ ಈ ಮೀನು ಬೆಳೆಸುತ್ತಲೇ ಇರಬೇಕು. ನಿನ್ನೆಗೆ ಅದು ಆನೆಯಷ್ಟಾಗೈತಿ.