ಮೇಜನ್ನು ಹಿಂಬಾಲಿಸತಕ್ಕದ್ದು

ಆ ಬೆಳಿಗ್ಗೆ ನೀರು ಸರಬರಾಜು ಕಚೇರಿಗೆ ಬಂದ ಸುತ್ತೋಲೆಯಲ್ಲಿ ಇದ್ದದ್ದು ಮೂರೇ ವಾಕ್ಯ.

“ಹೊಸ ಕಟ್ಟಡ ಸಿದ್ಧವಾಗಿರುವುದರಿಂದ ಈ ಕಚೇರಿಯ ಚರ ವಸ್ತುಗಳನ್ನು ನಾಳೆ ಲಾರಿಯಲ್ಲಿ ಅಲ್ಲಿಗೆ ಸಾಗಿಸತಕ್ಕದ್ದು. ಸ್ಥಿರ ವಸ್ತುಗಳು ಶಾಖೆಯ ಉಪಯೋಗಕ್ಕಾಗಿ ಹಳೆಯ ಕಟ್ಟಡದಲ್ಲೇ ಉಳಿಯತಕ್ಕದ್ದು. ನೌಕರರು ತಮ್ಮ ತಮ್ಮ ಮೇಜುಗಳನ್ನು ಹಿಂಬಾಲಿಸತಕ್ಕದ್ದು.”

ಯಾವುದು ಸ್ಥಿರ, ಯಾವುದು ಚರ ಎಂದು ಮಧ್ಯಾಹ್ನ ಎರಡು ಗಂಟೆಯೊಳಗೆ ಪಟ್ಟಿ ಮಾಡಿ ಕಳಿಸುವ ಕೆಲಸ ನೋಡೋಣಪ್ಪನವರ ಪಾಲಿಗೆ ಬಂತು. ಅದು ತಂದೆತಾಯಿ ಇಟ್ಟ ಹೆಸರಲ್ಲ. ನಲ್ಲಿಯ ದೂರು ಬರೆದುಕೊಳ್ಳುವ ಗುಮಾಸ್ತರಾದ ಅವರು ಹದಿನೆಂಟು ವರ್ಷಗಳಿಂದ ಎಲ್ಲ ದೂರಿಗೂ, ಕೊನೆಗೆ “ಚಹಾ ಬೇಕಾ?” ಎಂಬುದಕ್ಕೂ “ನೋಡೋಣ” ಎಂದೇ ಉತ್ತರಿಸಿ ಸಂಪಾದಿಸಿಕೊಂಡದ್ದು. ಇಂಥವರಿಗೆ ತೀರ್ಮಾನದ ಕೆಲಸ ಕೊಡುವುದೆಂದರೆ ಗಡಿಯಾರದ ಲೋಲಕಕ್ಕೆ ಸ್ವಲ್ಪ ನಿಂತುಕೋ ಎಂದ ಹಾಗೆ.

ಆದರೆ ಆ ದಿನ ಅವರ ಸಂಕಟ ಬೇರೆಯೇ ಇತ್ತು. ರಸ್ತೆ ದಾಟಿದರೆ ಅವರ ಮನೆ, ಮನೆಯಲ್ಲಿ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕನಿಗೆ ಈಗ ಕೈನಡುಕ ಹತ್ತಿ ಚಮಚ ಹಿಡಿಯಲಾಗದು; ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ದಿನವೂ ಒಂದು ಗಂಟೆಗೆ ನೋಡೋಣಪ್ಪನವರು ಹೋಗಿ ಉಣಿಸಿ ಬರುತ್ತಿದ್ದರು. ಹೊಸ ಕಟ್ಟಡಕ್ಕೋ ಎರಡು ಬಸ್ಸು ಬದಲಾಯಿಸಬೇಕು.

ಉಳಿದವರೆಲ್ಲ ಹೊರಡುವ ಸಡಗರದಲ್ಲಿದ್ದರು. “ಅಲ್ಲಿ ಲಿಫ್ಟ್ ಇದೆಯಂತೆ” ಎಂದು ಮಂಡಿನೋವಿನ ಹೆಡ್ ಗುಮಾಸ್ತರು ಹತ್ತು ಸಲ ಹೇಳಿದರು. “ಬಚ್ಚಲಿಗೆ ಚಿಲಕ ಇದೆಯಂತೆ” ಎಂದು ಟೈಪಿಸ್ಟಮ್ಮ ಹನ್ನೊಂದನೆಯ ಸಲ ಹೇಳಿದರು.

ನೋಡೋಣಪ್ಪನವರು ಹಾಳೆಯ ನಡುವೆ ಗೆರೆ ಎಳೆದು ಮೇಲಕ್ಕೆ ನೋಡಿದರು. ಫ್ಯಾನು.

“ತಿರುಗುತ್ತಲ್ಲ, ಚರ ಅಂತ ಬರೀರಿ” ಎಂದರು ಟೈಪಿಸ್ಟಮ್ಮ.

“ಎಲ್ಲಮ್ಮ ತಿರುಗುತ್ತೆ? ನಾಲ್ಕು ವರ್ಷದಿಂದ ನಿಂತಿದೆ. ಸ್ಥಿರ” ಎಂದರು ಹೆಡ್ ಗುಮಾಸ್ತರು.

“ರಿಪೇರಿ ಮಾಡಿದ್ರೆ?”

“ಆಗ ಚರ.”

“ಬಾಗಿಲು? ನಿಂತಲ್ಲೇ ನಿಂತು ಓಡಾಡುತ್ತಲ್ಲ ಅದು.”

ನೋಡೋಣಪ್ಪನವರು ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಹಾಳೆ ಕೋಳಿ ಕೆದರಿದ ಅಂಗಳದಂತಾಯಿತು. ಅಷ್ಟರಲ್ಲಿ ಬೀರುವಿನ ಅಡಿಯಿಂದ ಕಚೇರಿಯ ಬೆಕ್ಕು ಮೈಮುರಿಯುತ್ತ ಬಂತು.

“ಇದನ್ನೂ ಬರೆಯೋದಾ?” ಎಂದರು ನೋಡೋಣಪ್ಪನವರು.

“ಕಾಲಿದೆ, ಓಡಾಡುತ್ತೆ. ಚರ” ಎಂದರು ಹೆಡ್ ಗುಮಾಸ್ತರು.

ಕಸ ಗುಡಿಸುತ್ತಿದ್ದ ಆಯಾ ಪೊರಕೆ ನಿಲ್ಲಿಸಿದಳು. “ಅದು ಹುಟ್ಟಿದ್ದೇ ಇಲ್ಲಿ ಸ್ವಾಮಿ, ಒಂದು ದಿನ ಗೇಟು ದಾಟಿಲ್ಲ. ಅದು ಬಂದ ಮೇಲೆ ಸಾಹೇಬರು ಐದು ಜನ ಬದಲಾಗಿದಾರೆ. ಬೆಕ್ಕು ಸ್ಥಿರ, ಸಾಹೇಬರೇ ಚರ.”

ಯಾರೂ ನಗಲಿಲ್ಲ. ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

“ನೋಡಿ,” ಎಂದರು ಸಾಹೇಬರು, ಆಯಾಳ ಕಡೆ ನೋಡದೆ, “ಚಲಿಸೋದು ಬೇರೆ, ಸಾಗಿಸಬಹುದಾದ್ದು ಬೇರೆ. ತಿರುಗಲಿ ಬಿಡಲಿ, ಫ್ಯಾನು ಸ್ಥಿರ. ನೆಲಕ್ಕೋ ಗೋಡೆಗೋ ಸ್ಕ್ರೂ ಬಿದ್ದಿದ್ರೆ ಅದು ಸ್ಥಿರ. ಇಲ್ಲದಿದ್ರೆ ಚರ. ಇಷ್ಟೇ.”

ಅವರು ಹೋದ ಮೇಲೆ ಆಯಾ ಪೊರಕೆಯೊಂದಿಗೆ ನೋಡೋಣಪ್ಪನವರ ಕಾಲಬುಡಕ್ಕೆ ಬಂದು ಮೆಲ್ಲಗೆ ಹೇಳಿದಳು: “ಸ್ಕ್ರೂ ಬಿದ್ರೆ ಸ್ಥಿರವಂತೆ. ಹೊರಗೆ ಬಡಗಿ ಬೋರ್ಡು ಬಿಚ್ತಾ ಇದಾನೆ. ಮೇಜಿಗೆ ಕಾಲು ನಾಲ್ಕೇ ಅಲ್ವಾ?”

ನೋಡೋಣಪ್ಪನವರು ಜೀವನದಲ್ಲಿ ಮೊದಲ ಬಾರಿಗೆ ನೋಡೋಣ ಎನ್ನಲಿಲ್ಲ. ನೇರವಾಗಿ ಬಡಗಿಯ ಹತ್ತಿರ ಹೋಗಿ ಅಕ್ಕನ ಕತೆ ಹೇಳಿದರು. ಬಡಗಿ ಸ್ಕ್ರೂ ಡಬ್ಬಿ ಹಿಡಿದು ಏಣಿ ಇಳಿದ.

ಒಂದು ಗಂಟೆಗೆ ಮನೆಗೆ ಹೋದರು. ಕೈ ಅಲ್ಲಿ, ಕಿವಿ ಕಚೇರಿಯ ಕೊರೆಯುವ ಸದ್ದಿನಲ್ಲಿ. ಚಮಚ ಅಕ್ಕನ ಕೆನ್ನೆಗೆ ತಗಲಿತು.

“ಬಾಯಿ ಇಲ್ಲಿದೆ ಕಣೋ, ಮೊದಲಿದ್ದ ಜಾಗದಲ್ಲೇ” ಎಂದಳು ಅಕ್ಕ. “ಏನಾಗಿದೆ ನಿನಗೆ?”

“ಒಂದು ತೀರ್ಮಾನ ಮಾಡಿದೀನಿ ಅಕ್ಕ.”

“ಯಾರು, ನೀನಾ?” ಅಕ್ಕನಿಗೆ ತುತ್ತು ನೆತ್ತಿಗೇರಿತು.

ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಪಟ್ಟಿ ಹೋಯಿತು. ‘ದೂರು ಗುಮಾಸ್ತರ ಮೇಜು, ಒಂದು. ಸ್ಥಿರ.’ ಕೆಳಗೆ ಅವರ ಸಹಿ, ಎಂದೂ ಇಲ್ಲದಷ್ಟು ದಪ್ಪಕ್ಷರದಲ್ಲಿ. ಹೆಡ್ ಗುಮಾಸ್ತರು ಮೇಜನ್ನು ಅಲ್ಲಾಡಿಸಿ ನೋಡಿದರು. ಮೇಜಿನ ಬದಲು ಅವರೇ ಅಲ್ಲಾಡಿದರು.

“ಪಾಪ, ನೀವೊಬ್ಬರೇ ಇಲ್ಲಿ ಕೊಳೀತೀರಲ್ಲ” ಎಂದು ಟೈಪಿಸ್ಟಮ್ಮ ತಮ್ಮ ಬಿಸ್ಕತ್ತಿನ ಡಬ್ಬವನ್ನು ಅವರಿಗೇ ಕೊಟ್ಟರು. ಕೊಳೆಯುವ ಯೋಗ ಬಂದದ್ದಕ್ಕೆ ನೋಡೋಣಪ್ಪನವರ ಕಣ್ಣು ತುಂಬಿತು.

ಐದು ಗಂಟೆಗೆ ಸಾಹೇಬರು ಇನ್ನೊಂದು ಕಾಗದ ಹಿಡಿದು ಬಂದರು. ಮುಖ ಪೆಚ್ಚಾಗಿತ್ತು.

“ತಿದ್ದುಪಡಿ ಬಂದಿದೆ” ಎಂದು ಓದಿದರು. “ಬೆಳಗಿನ ಸುತ್ತೋಲೆಯಲ್ಲಿ ಪದಗಳು ಅದಲುಬದಲಾಗಿರುತ್ತವೆ. ಚರ ಎಂಬಲ್ಲಿ ಸ್ಥಿರ ಎಂದೂ, ಸ್ಥಿರ ಎಂಬಲ್ಲಿ ಚರ ಎಂದೂ ಓದಿಕೊಳ್ಳತಕ್ಕದ್ದು.”

ಯಾರಿಗೂ ಕೂಡಲೇ ಅರ್ಥವಾಗಲಿಲ್ಲ.

“ಅಂದ್ರೆ, ಅಲ್ಲಿ ಗೋಡೆ ಬಿಟ್ರೆ ಏನೂ ಇಲ್ಲವಂತೆ” ಎಂದರು ಸಾಹೇಬರು. “ಫ್ಯಾನು, ದೀಪ, ಗೋಡೆಬೀರು ಕಿತ್ತು ಅಲ್ಲಿಗೆ ಒಯ್ಯಬೇಕಂತೆ. ಚರ ವಸ್ತು ಎಲ್ಲ ಇಲ್ಲೇ ಇರಬೇಕಂತೆ. ಅಂದ್ರೆ ನಾವೂ.”

ಹೆಡ್ ಗುಮಾಸ್ತರು ಲಿಫ್ಟ್ ನೆನೆದು ಮಂಡಿ ಹಿಡಿದು ಕೂತರು. ಟೈಪಿಸ್ಟಮ್ಮ ಕಟ್ಟಿದ ಗಂಟು ಬಿಚ್ಚತೊಡಗಿದರು. ಆಮೇಲೆ ಎಲ್ಲರ ಕಣ್ಣೂ ಒಂದೇ ಮೇಜಿನ ಮೇಲೆ ನಿಂತವು.

ನೋಡೋಣಪ್ಪನವರು ಹೊರಗೆ ಓಡಿ ಬಡಗಿಯನ್ನು ಎಳೆದು ತಂದರು. “ಬಿಚ್ಚಪ್ಪ, ಬೇಗ ಬಿಚ್ಚು.”

“ಬಿಚ್ಚೋಕೆ ಆಗಲ್ಲ ಸ್ವಾಮಿ” ಎಂದ ಅವನು ತಲೆ ಕೆರೆಯುತ್ತ. “ನಿಮ್ಮ ಅಕ್ಕನ ವಿಷಯ ಕೇಳಿ ಕರುಳು ಚುರಕ್ ಅಂತು. ಯಾರೂ ಬಿಚ್ಚಬಾರದು ಅಂತ ಸ್ಕ್ರೂ ತಲೆನೇ ಉಜ್ಜಿ ಹಾಕಿಬಿಟ್ಟೆ.”

“ಮತ್ತೆ ನಾಳೆ ಹೇಗೆ ಒಯ್ತಾರೆ?”

“ನೆಲದ ಕಲ್ಲು ಸಮೇತ.”

ಸಾಹೇಬರು ನಿಜವಾಗಿಯೂ ನೊಂದುಕೊಂಡು, ಪಟ್ಟಿ ಮೇಲಿನವರ ಕೈ ಸೇರಿದೆ, ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ನೋಡೋಣಪ್ಪನವರು ತಮ್ಮ ಕುರ್ಚಿಯಲ್ಲಿ ಕೂತರು. ಆಯಾ ಅವರ ಮುಂದೆ ನೀರಿನ ಲೋಟ ಇಟ್ಟಳು.

“ಅಕ್ಕಾವ್ರ ಊಟದ ಚಿಂತೆ ಬಿಡಿ. ಒಂದು ಗಂಟೆಗೆ ನಾನು ಹೋಗ್ತೀನಿ. ನಾನು ಉಣಿಸಿದ್ರೆ ಕೆನ್ನೆಗೆ ಹೋಗಲ್ಲ.”

ಕೆನ್ನೆಯ ವಿಷಯ ಆಗಲೇ ರಸ್ತೆ ದಾಟಿ ಬಂದಿತ್ತು. ನೋಡೋಣಪ್ಪನವರು ನೀರು ಕುಡಿದು, ಕಣ್ಣೊರೆಸಿಕೊಂಡು, ಆಗುವುದು ಆಗಲಿ ಎಂದು ಎದ್ದು ತಮ್ಮ ಕುರ್ಚಿಯನ್ನೂ ಲಾರಿಗೇರಿಸಲು ಹಗ್ಗ ಸುತ್ತತೊಡಗಿದರು.

“ಅದನ್ನೇನು ಮಾಡ್ತಿದೀರಿ?” ಎಂದು ಸಾಹೇಬರು ತಡೆದರು. “ಮೇಜು ಮಾತ್ರ ಸ್ಥಿರ. ಕುರ್ಚಿಗೆ ಸ್ಕ್ರೂ ಇಲ್ಲ, ಅದು ಚರ. ಇಲ್ಲೇ ಇರಬೇಕು.”

“ಹಾಗಾದ್ರೆ ನಾನಲ್ಲಿ ಎಲ್ಲಿ ಕೂರಲಿ ಸಾರ್?”

ಸಾಹೇಬರು ಎರಡೂ ಕಾಗದಗಳನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿದರು.

“ಹಿಂಬಾಲಿಸತಕ್ಕದ್ದು ಅಂತಿದೆ” ಎಂದರು. “ಕೂರತಕ್ಕದ್ದು ಅಂತ ಎಲ್ಲೂ ಇಲ್ಲವಲ್ಲ.”