ಡಾಕ್ಟರಿಗೆ ವಿಶೇಷ ಉಪಚಾರ

ಗಂಗಾವತಿಯಲ್ಲಿ ಡಾಕ್ಟರನ ಗಾಡಿಗೆ ಕೈ ಅಡ್ಡ ಹಿಡಿಯುವ ಪೊಲೀಸ್ ಇನ್ನೂ ಹುಟ್ಟಿಲ್ಲ ಎಂದು ನಾನು ಹೆಂಡತಿಗೆ ಹೇಳಿದ್ದು ಆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ. ಹುಟ್ಟಿ, ಬೆಳೆದು, ನೌಕರಿಗೂ ಸೇರಿದ್ದಾರೆ ಎಂದು ನನಗೆ ತಿಳಿದದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ.

ನಾನು ಡಾಕ್ಟರ್ ಕಳಕಪ್ಪ. ಹಲ್ಲಿನ ಡಾಕ್ಟರ್. ಹದಿನೆಂಟು ವರ್ಷಗಳಿಂದ ಈ ಊರಿನ ಬಾಯಿ ತೆರೆಸುತ್ತಿದ್ದೇನೆ. ಅಕ್ಕಿ ಗಿರಣಿಯ ಸಾಹುಕಾರರಿಂದ ಹಿಡಿದು ಹಮಾಲರವರೆಗೆ, ನನ್ನ ಕುರ್ಚಿಯಲ್ಲಿ ಕುಳಿತು ‘ಆ’ ಎನ್ನದವರು ಕಡಿಮೆ. ಇಂಥವನಿಗೆ ರಸ್ತೆಯಲ್ಲಿ ಒಂದು ಮರ್ಯಾದೆ ಬೇಡವೇ? ಅದಕ್ಕೇ ನನ್ನ ಸ್ಕೂಟರಿನ ಹಿಂದೆ ಮುಂದೆ ಕೆಂಪು ಪ್ಲಸ್ ಗುರುತು ಹಾಕಿಸಿ, ಕೆಳಗೆ ‘ಡಾಕ್ಟರ್’ ಎಂದು ಬರೆಸಿದ್ದೆ. ನಂಬರು ಕಾಣದವರಿಗೂ ಅದು ಕಾಣುತ್ತಿತ್ತು.

ಆ ದಿನ ಶ್ರೀರಾಮನಗರದಲ್ಲಿ ದಾನೇಶ್ವರಿಯ ತಂಗಿಯ ಮಗಳ ನಿಶ್ಚಿತಾರ್ಥ. ದಾನೇಶ್ವರಿ ಎಂದರೆ ನನ್ನ ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮನೆಯಲ್ಲಿ ನನಗೆ ಉಳಿದ ಎಲ್ಲ ವಿಷಯ ಕಲಿಸುತ್ತಾಳೆ. ಹುಡುಗಿಗೆ ತಂದೆಯಿಲ್ಲ. ಹೆಣ್ಣಿನ ಕಡೆಯ ಹಿರಿಯನಾಗಿ ಕುಳಿತು ತಾಂಬೂಲ ಬದಲಿಸಬೇಕಾದವನು ನಾನೇ. ಹನ್ನೊಂದೂವರೆಗೆ ಮುಹೂರ್ತ. ಕಾರು ರಿಪೇರಿಗೆ ಹೋಗಿತ್ತು, ಸ್ಕೂಟರ್ ತೆಗೆದೆ. ದಾನೇಶ್ವರಿ ಇಳಕಲ್ ಸೀರೆ ಉಟ್ಟು, ತಲೆಗೆ ಹೆಲ್ಮೆಟ್ ಹಾಕಿ, ತೊಡೆಯ ಮೇಲೆ ಕರ್ಚಿಕಾಯಿಯ ಸ್ಟೀಲ್ ಡಬ್ಬಿ ಇಟ್ಟುಕೊಂಡು ಹಿಂದೆ ಕುಳಿತಳು.

“ನಿಮ್ಮ ಹೆಲ್ಮೆಟ್ ಎಲ್ಲೈತ್ರಿ?”

“ಬ್ಯಾಡ ಬಿಡು. ಅಲ್ಲಿ ಫೋಟೋ ತಗೀತಾರ.”

ಇದರ ಒಳಗುಟ್ಟು ಹೇಳಿಬಿಡುತ್ತೇನೆ. ನನ್ನ ತಲೆಯಲ್ಲಿ ಉಳಿದಿರುವ ಕೂದಲನ್ನು ಎಡಗಿವಿಯಿಂದ ಬಲಗಿವಿಯವರೆಗೆ ಸಮನಾಗಿ ಹಂಚಲು ಆ ಬೆಳಿಗ್ಗೆ ನಲವತ್ತು ನಿಮಿಷ ಹಿಡಿದಿತ್ತು. ತಾಲೂಕಿನ ಕಾಲುವೆ ನೀರನ್ನು ಹಂಚುವವರೂ ಅಷ್ಟು ಎಚ್ಚರ ವಹಿಸಿರಲಾರರು! ಅದರ ಮೇಲೆ ಹೆಲ್ಮೆಟ್ ಇಡುವುದೆಂದರೇನು?

“ಪೊಲೀಸರು ಹಿಡೀತಾರ,” ಎಂದಳು.

“ಡಾಕ್ಟರನ್ನ ಹಿಡದ್ರ, ನಾಳೆ ಅವರ ಹಲ್ಲು ನೋವಾದಾಗ ಯಾರ ಕಡೆ ಹೋಗ್ತಾರ?”

“ಬ್ಯಾರೆ ಡಾಕ್ಟರ್ ಕಡೆ ಹೋಗ್ತಾರ್ರಿ.”

ನಾನು ಸ್ಕೂಟರ್ ಚಾಲೂ ಮಾಡಿದೆ.

ಸರ್ಕಲ್ ಹತ್ತಿರ ಭತ್ತದ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿದ್ದವು. ಮುಹೂರ್ತ ನೆನಪಾಯಿತು. ಎಡಕ್ಕೆ ಒನ್‌ವೇ ರಸ್ತೆ ಖಾಲಿ ಬಿದ್ದಿತ್ತು. ಎದುರಿನಿಂದ ಬರುವವರಿಗೆ ಮಾತ್ರ ಮೀಸಲಾದ ರಸ್ತೆ. ಅದಕ್ಕೇ ನುಗ್ಗಿದೆ.

“ಏನ್ರೀ! ಇದು ಒನ್‌ವೇ!”

“ಹೌದಲ್ಲ! ನಾವೂ ಒಂದ ಕಡೆ ಹೊಂಟೀವಿ.”

ಈ ಚಮತ್ಕಾರಕ್ಕೆ ನಾನೇ ನಕ್ಕು ತಲೆಯೆತ್ತಿದರೆ, ಎದುರಿಗೆ ಟ್ರಾಫಿಕ್ ಎ.ಎಸ್.ಐ. ರಜಿಯಾಬೇಗಂ. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರು ಓದಿದೆ. ಕುಷ್ಟಗಿಯಿಂದ ವರ್ಗವಾಗಿ ಬಂದು ವಾರವಷ್ಟೇ ಆಗಿತ್ತೆಂದು ಆಮೇಲೆ ತಿಳಿಯಿತು. ಅಂದರೆ ಅವರ ಬಾಯಿ ಇನ್ನೂ ನನ್ನ ಕೈಗೆ ಸಿಕ್ಕಿರಲಿಲ್ಲ. ಪಕ್ಕದಲ್ಲಿ ದಂಡದ ಮಷೀನು ಹಿಡಿದ ಕಾನ್‌ಸ್ಟೇಬಲ್ ಹನಮೇಶ.

“ಗಾಡಿ ಬಾಜೂಕ ಹಚ್ಚರಿ.”

ಮಹಾರಾಜರು ಮುದ್ರೆಯುಂಗುರ ತೋರಿಸುವ ಗತ್ತಿನಲ್ಲಿ ಪ್ಲಸ್ ಗುರುತಿನ ಕಡೆ ಬೆರಳು ತೋರಿಸಿದೆ.

“ಅದು ಕಂಡೈತ್ರಿ. ಹೆಲ್ಮೆಟ್ ಕಾಣವಲ್ದು.”

“ಮೇಡಮ್ಮಾರ, ನಾ ಡಾಕ್ಟರ್ ಅದೀನ್ರಿ.”

“ಭಾಳ ಛಲೋ ಆತು. ಲೈಸೆನ್ಸ್ ಕೊಡ್ರಿ.”

“ಎಮರ್ಜೆನ್ಸಿ ಐತ್ರಿ!”

“ಏನ್ ಎಮರ್ಜೆನ್ಸಿ?”

ಹದಿನೆಂಟು ವರ್ಷ ಬೇರೆಯವರ ಬಾಯಿ ತೆರೆಸಿದವನ ಬಾಯಿ ಆಗ ತಾನಾಗಿ ತೆರೆಯಿತು. “ಹಿಂದ ಕುಂತಾರಲ್ರಿ, ಅವರು ಪೇಷಂಟ್. ಎದಿ ನೋವು. ದವಾಖಾನಿಗೆ ಒಯ್ಯಾಕತ್ತೀನಿ.”

ಬೆನ್ನಿನ ಹಿಂದೆ ಡಬ್ಬಿಯೊಳಗಿನ ಕರ್ಚಿಕಾಯಿಗಳು ಗಡಗಡ ಅಂದವು. ನಾನು ಹಿಂತಿರುಗಿ ನೋಡುವ ಸಾಹಸ ಮಾಡಲಿಲ್ಲ.

ರಜಿಯಾಬೇಗಂ ಅವರ ಮುಖ ಬದಲಾಯಿತು. ‘ಹೋಗ್ರಿ ಸರ್, ಲಗೂನ ಹೋಗ್ರಿ’ ಎನ್ನುತ್ತಾರೆಂದು ನಾನು ಆಕ್ಸಿಲರೇಟರಿನ ಮೇಲೆ ಕೈಯಿಟ್ಟೆ. ಅವರು ಸ್ಕೂಟರಿನ ಕೀಲಿ ತೆಗೆದುಕೊಂಡರು.

“ಎದಿ ನೋವು ಇದ್ದವರನ್ನ ಸ್ಕೂಟರ್ ಮ್ಯಾಲೆ ಕುಂದ್ರಿಸ್ಕೊಂಡು ಹೊಂಟೀರಾ? ಯಾವ ಸೀಮಿ ಡಾಕ್ಟರ್ರಿ ನೀವು? ಹನಮೇಶ, ಆಂಬುಲೆನ್ಸಿಗೆ ಫೋನ್ ಹಚ್ಚು!”

ಮುಂದಿನದೆಲ್ಲ ನನ್ನ ಕೈ ಮೀರಿ ನಡೆಯಿತು. ಚಹಾ ಅಂಗಡಿಯ ಬೆಂಚು ರಸ್ತೆಗೆ ಬಂತು. ದಾನೇಶ್ವರಿಯನ್ನು ಅದರ ಮೇಲೆ ಕೂರಿಸಿದರು. ಯಾರೋ ಪೇಪರಿನಿಂದ ಗಾಳಿ ಬೀಸಿದರು.

“ಮೇಡಮ್ಮಾರ, ನನಗ ಏನೂ...” ಎಂದು ದಾನೇಶ್ವರಿ ಶುರು ಮಾಡಿದಳು.

“ಅಮ್ಮಾರ, ನೀವು ಮಾತಾಡಬ್ಯಾಡ್ರಿ. ಎದಿಗೆ ದಣಿವಾಗ್ತೈತಿ.”

“ಅಲ್ರಿ, ಇವರು...”

“ಶ್! ಬಾಯಿ ಮುಚ್ಚಿಕೊಂಡು ಉಸಿರಾಡ್ರಿ.”

ಮದುವೆಯಾಗಿ ಇಪ್ಪತ್ತೆರಡು ವರ್ಷ. ನನ್ನ ಹೆಂಡತಿಯನ್ನು ಎರಡು ಸಲ ಸುಮ್ಮನಾಗಿಸಿದವರನ್ನು ನಾನು ಕಂಡದ್ದು ಅಂದೇ. ಆ ಕಷ್ಟದಲ್ಲೂ ನನಗೆ ಪೊಲೀಸ್ ಇಲಾಖೆಯ ಮೇಲೆ ಗೌರವ ಉಕ್ಕಿ ಬಂತು.

ಗುಂಪಿನಲ್ಲಿ ಶ್ರೀರಾಮನಗರದವನೊಬ್ಬ ಇದ್ದನೆಂದು ಕಾಣುತ್ತದೆ. “ಇವರು ನಮ್ಮ ಟೀಚರಮ್ಮಾರ ಅಲ್ಲೇನು!” ಎನ್ನುತ್ತಲೇ ಫೋನು ಕಿವಿಗೆ ಹಿಡಿದುಕೊಂಡು ಆಚೆ ಸರಿದ. ಸುದ್ದಿ ಮುಹೂರ್ತದ ಮನೆಗೆ ನಮಗಿಂತ ಮೊದಲೇ ಹೊರಟಿತು.

ಆಂಬುಲೆನ್ಸ್ ಆರೇ ನಿಮಿಷಕ್ಕೆ ಬಂದುಬಿಟ್ಟಿತು. ಅದು ತಡವಾಗಿ ಬರಲಿ ಎಂದು ದೇವರಿಗೆ ಹರಕೆ ಹೊತ್ತ ಡಾಕ್ಟರ್ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು! ಅದರಲ್ಲಿದ್ದ ನರ್ಸ್ ದಾನೇಶ್ವರಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದ.

“ನೂರಾ ಎಪ್ಪತ್ತು ಐತ್ರಿ! ಹಿಂಗ್ಯಾಕ ಏರೇತಿ?”

ಕಾರಣ ನನಗೆ ಗೊತ್ತಿತ್ತು. ಕಾರಣವು ಹೆಲ್ಮೆಟ್ ಇಲ್ಲದೆ ಅಲ್ಲೇ ಪಕ್ಕದಲ್ಲಿ ನಿಂತಿತ್ತು.

“ಸರ್, ನೀವ ಡಾಕ್ಟರ್ ಅದೀರಿ. ಈಗ ಏನ್ ಮಾಡೂಣ್ರಿ?” ಎಂದು ನರ್ಸ್ ನನ್ನನ್ನು ಕೇಳಿದ. ಇಡೀ ಸರ್ಕಲ್ ನನ್ನ ಕಡೆ ನೋಡಿತು. ನನಗೆ ಬರುವುದು ಒಂದೇ ವಿದ್ಯೆ. ಸ್ಟ್ರೆಚರ್ ಹತ್ತಿರ ಬಗ್ಗಿ, ರೂಢಿಯಂತೆ ಹೇಳಿದೆ: “ಬಾಯಿ ತಗೀರಿ.”

ದಾನೇಶ್ವರಿ ಇದಕ್ಕಾಗಿಯೇ ಕಾಯುತ್ತಿದ್ದಳು. “ಇವರು ನನ್ನ ಗಂ...” ಎಂದಳು. ನರ್ಸ್ ಆಕ್ಸಿಜನ್ ಮಾಸ್ಕ್ ಹಾಕಿಬಿಟ್ಟ. ಉಳಿದ ಅಕ್ಷರ ಮಾಸ್ಕಿನೊಳಗೇ ಉಳಿಯಿತು.

“ಗಂಟಲಾನೂ ನೋವಂತ್ರಿ ಮೇಡಂ,” ಎಂದು ಹನಮೇಶ ವರದಿ ಒಪ್ಪಿಸಿದ. “ಮತ್ತ ಪೇಷಂಟು ಡಬ್ಬಿ ಬಿಡವಲ್ರು.”

ಅಷ್ಟರಲ್ಲಿ ಆಂಬುಲೆನ್ಸ್ ಡ್ರೈವರನ ಫೋನು ಬಡಿಯಿತು. ಅವನು ಕೇಳಿಸಿಕೊಂಡು, ನರ್ಸಿನ ಕಡೆ ತಿರುಗಿದ. “ಬಸ್‌ಸ್ಟ್ಯಾಂಡಿನಾಗ ಒಬ್ಬಾಕಿ ಮುದುಕಿ ಬಿದ್ದಾಳಂತ. ಎಚ್ಚರಿಲ್ಲಂತ. ನಮ್ಮ ಗಾಡ್ಯಾಗ ಕೇಸ್ ಐತಿ ಅಂತ ಹೇಳ್ಲೇನು? ಇನ್ನೊಂದು ಗಾಡಿ ಕಾರಟಗಿಯಿಂದ ಬರಬೇಕು.”

ದಾನೇಶ್ವರಿ ಮಾಸ್ಕನ್ನು ತಾನೇ ಕೆಳಗೆ ಸರಿಸಿದಳು. ಈ ಸಲ ಅವಳನ್ನು ಯಾರೂ ತಡೆಯಲಿಲ್ಲ. ಆದರೂ ಅವಳು ಏನೂ ಹೇಳಲಿಲ್ಲ. ನನ್ನನ್ನು ಸುಮ್ಮನೆ ನೋಡಿದಳು. ಲೆಕ್ಕ ತಪ್ಪು ಮಾಡಿದ ಹುಡುಗ ತಾನೇ ಅಳಿಸಿ ಬರೆಯುತ್ತಾನೋ ಇಲ್ಲವೋ ಎಂದು ಕಾಯುವ ನೋಟ ಅದು. ಕಾರಟಗಿ ಎಷ್ಟು ದೂರವಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಬಸ್‌ಸ್ಟ್ಯಾಂಡಿನ ಬರೀ ನೆಲದ ಮೇಲೆ ಯಾರದೋ ತಾಯಿ ಬಿದ್ದಿದ್ದಾಳೆ. ಇಲ್ಲಿ ನನ್ನ ಸುಳ್ಳು ಸ್ಟ್ರೆಚರಿನ ಮೇಲೆ ಮಲಗಿ ಆಕ್ಸಿಜನ್ ತೆಗೆದುಕೊಳ್ಳುತ್ತಿದೆ.

“ಹೇಳಬ್ಯಾಡ್ರಿ!” ಎಂದು ಕೂಗಿದೆ. “ಆಕಿ ಪೇಷಂಟ್ ಅಲ್ಲ, ನನ್ನ ಹೆಂಡ್ತಿ. ಆಕಿಗೆ ಏನೂ ಆಗಿಲ್ಲ. ನಿಶ್ಚಿತಾರ್ಥಕ್ಕ ಹೊಂಟೀವ್ರಿ. ನಾ ಸುಳ್ಳ ಹೇಳೀನಿ. ನೀವು ಮೊದ್ಲ ಹೋಗ್ರಿ!”

ದಾನೇಶ್ವರಿ ಸ್ಟ್ರೆಚರಿನಿಂದ ಡಬ್ಬಿ ಸಮೇತ ಟಣ್ಣನೆ ಇಳಿದಳು. ಆಂಬುಲೆನ್ಸ್ ಕೂಗುತ್ತ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ರಜಿಯಾಬೇಗಂ ನನ್ನ ಕಡೆ ನೋಡಲೇ ಇಲ್ಲ. ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಊರವರದೆಲ್ಲ ತೆರೆಸಿದ್ದೇನೆ, ಅದೊಂದು ನನ್ನ ಮಾತು ಕೇಳಲಿಲ್ಲ.

“ಡಾಕ್ಟರ್ ಅಂದಿದ್ದಾದ್ರೂ ಖರೇನೋ, ಅದೂ ಸುಳ್ಳೋ?” ಎಂದು ರಜಿಯಾಬೇಗಂ ಕೇಳಿದರು.

“ಅದು ಖರೇರಿ. ಹಲ್ಲಿನ ಡಾಕ್ಟರ್.”

“ಹನಮೇಶ, ಬರ್ಕೋ.”

ಹನಮೇಶ ಮಷೀನಿನಲ್ಲಿ ಬರೆದುಕೊಂಡ. ಹೆಲ್ಮೆಟ್ ಇಲ್ಲ, ಒಂದು. ಒನ್‌ವೇಯಲ್ಲಿ ಉಲ್ಟಾ ಬಂದದ್ದು, ಎರಡು. ನಾನು ದನಿ ತಗ್ಗಿಸಿ, ಕೊನೆಯ ಪ್ರಯತ್ನ ಮಾಡಿದೆ. “ಮೇಡಮ್ಮಾರ, ಡಾಕ್ಟರ್ ಮಂದಿಗೆ ಏನರ ವಿಶೇಷ...”

“ಐತ್ರಿ,” ಎಂದರು ಅವರು, ಮುಖದ ಒಂದು ಗೆರೆಯೂ ಅಲುಗಿಸದೆ. “ಬ್ಯಾರೆದವರಿಗಾದ್ರ, ಹೆಲ್ಮೆಟ್ ಇಲ್ಲದ ಬಿದ್ರ ತಲಿ ಏನಾಗ್ತೈತಿ ಅಂತ ಹತ್ತು ನಿಮಿಷ ತಿಳಿಸಿ ಹೇಳ್ತೀನಿ. ನೀವು ಡಾಕ್ಟರ್, ನಿಮಗ ಗೊತ್ತೈತಿ. ಹಂಗಾಗಿ ತಿಳಿಸಿ ಹೇಳೂದು ಮಾಫ್. ಸೀದಾ ದಂಡ.”

“ಮತ್ತ... ಆ ಆಂಬುಲೆನ್ಸಿಂದು?”

“ಅದಕ್ಕ ನಮ್ಮ ಮಷೀನಿನ್ಯಾಗ ಜಾಗ ಇಲ್ಲ. ಅದನ್ನ ಅಮ್ಮಾರಿಗೆ ಬಿಟ್ಟೀನಿ.”

ಅಮ್ಮಾರು ತಲೆಯಾಡಿಸಿ ಆ ಜವಾಬ್ದಾರಿ ವಹಿಸಿಕೊಂಡರು.

ದಂಡ ಕಟ್ಟಿ, ರಸೀದಿ ಇಸಿದುಕೊಂಡು ನೋಡಿದೆ. ಹೆಸರಿನ ಮುಂದೆ ಹನಮೇಶ ‘ದಂಡ ವೈದ್ಯ’ ಎಂದು ಬರೆದಿದ್ದ. ತಿದ್ದು ಎನ್ನಲು ಬಾಯಿ ಬರಲಿಲ್ಲ. ನೋಡಿದರೆ ತಪ್ಪೇನೂ ಇರಲಿಲ್ಲ.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಿಂದ ಹನಮೇಶನಿಗೆ ಫೋನು ಬಂತು. ಮುದುಕಮ್ಮ ಬೆಳಿಗ್ಗೆಯಿಂದ ಏನೂ ತಿನ್ನದೆ ಶುಗರ್ ಗುಳಿಗೆ ನುಂಗಿದ್ದಳಂತೆ. ಗ್ಲುಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟು, ‘ನನ್ನ ಚೀಲ ಎಲ್ಲೈತಿ?’ ಎಂದು ಎಲ್ಲರನ್ನೂ ಬೈಯತೊಡಗಿದ್ದಾಳಂತೆ. ನನಗೆ ಆಗ ಹೋದ ಜೀವ ಬಂತು. ದಾನೇಶ್ವರಿ ಡಬ್ಬಿ ತೆರೆದು ರಜಿಯಾಬೇಗಂ ಅವರಿಗೂ ಹನಮೇಶನಿಗೂ ಎರಡೆರಡು ಕರ್ಚಿಕಾಯಿ ಕೊಟ್ಟಳು. ನನಗೆ ಕೊಡಲಿಲ್ಲ.

ಹೆಲ್ಮೆಟ್ ಇಲ್ಲದೆ ಗಾಡಿ ಬಿಡುವುದಿಲ್ಲ ಎಂದರು. ರಸ್ತೆ ಬದಿಯ ಅಂಗಡಿಯಲ್ಲಿ ನನ್ನ ತಲೆಗೆ ಹಿಡಿಸುವುದು ಒಂದೇ ಇತ್ತು: ಗುಲಾಬಿ ಬಣ್ಣದ್ದು, ಎರಡೂ ಕಡೆ ಚಿಟ್ಟೆ ಚಿತ್ರ. ಅದನ್ನೇ ತೊಟ್ಟು ಹೊರಟೆ. ದಾರಿಯುದ್ದಕ್ಕೂ ದಾನೇಶ್ವರಿ ಮಾತಾಡಲಿಲ್ಲ. ಸುಮ್ಮನಿರುವುದನ್ನು ಸರ್ಕಲ್ಲಿನಲ್ಲಿ ಕಲಿತವಳು, ಅದನ್ನು ನನ್ನ ಮೇಲೆ ಪ್ರಯೋಗಿಸುತ್ತಿದ್ದಳು.

ಶ್ರೀರಾಮನಗರ ತಲುಪಿದಾಗ ಮುಹೂರ್ತಕ್ಕೆ ಐದು ನಿಮಿಷ ಉಳಿದಿತ್ತು. ಚಪ್ಪರದಲ್ಲಿ ಯಾರ ಮುಖದಲ್ಲೂ ಕಳೆಯಿಲ್ಲ. ಹುಡುಗಿ ಅತ್ತು ಅತ್ತು ಕಣ್ಣು ಕೆಂಪಾಗಿಸಿಕೊಂಡಿದ್ದಳು. ಗಂಡಿನ ದೊಡ್ಡಪ್ಪ ಶರಣಬಸಪ್ಪನವರು ಎದ್ದು ಓಡಿ ಬಂದರು.

“ಯವ್ವಾ ತಂಗಿ, ಹೆಂಗದಿ? ಎದಿ ಹಿಡಕೊಂಡು ಬಿದ್ದೀ ಅಂತ ಸುದ್ದಿ ಬಂತಲ್ಲ!”

“ನಾ ಆರಾಮ ಅದೀನ್ರಿ ದೊಡ್ಡಪ್ಪಾರ. ತ್ರಾಸ ಇದ್ದದ್ದು ಇವರಿಗೆ.”

ಇಡೀ ಚಪ್ಪರ ನನ್ನ ಗುಲಾಬಿ ಹೆಲ್ಮೆಟ್ಟಿನ ಕಡೆ ತಿರುಗಿತು.

“ಡಾಕ್ಟರಿಗೇ? ಏನಾಗಿತ್ತವಾ?”

“ತಲೀದ್ರಿ. ಭಾಳ ವರ್ಷದ ಹಳೇದು. ಇವತ್ತು ಒಂದ ಸಲಕ್ಕ ಇಳೀತು.”

“ಹೌದಾ! ಯಾವ ಡಾಕ್ಟರ್ ನೋಡಿದ್ರು?”

“ರಜಿಯಾಬೇಗಂ ಅಂತ್ರಿ. ಕುಷ್ಟಗಿಯಿಂದ ಹೊಸದಾಗಿ ಬಂದಾರ.”

ಶರಣಬಸಪ್ಪನವರು ಆಸೆಯಿಂದ ಹತ್ತಿರ ಸರಿದರು. “ನನ್ನ ತಮ್ಮಗೂ ಹಿಂಗ ತಲೀದ ತ್ರಾಸ ಐತಿ. ಅವರ ದವಾಖಾನಿ ಎಲ್ಲೈತಿ?”

“ಸರ್ಕಲ್‌ನ್ಯಾಗ ನಿಂತಿರ್ತಾರ್ರಿ. ಚೀಟಿ ಗೀಟಿ ಬ್ಯಾಡ. ಬರೇ ತಲೀಲೆ ಗಾಡಿ ಹತ್ತಿ ಹೋಗಂತ ಹೇಳ್ರಿ, ಅವರೇ ಕರದು ನೋಡ್ತಾರ.”

ಅವರು ಜೇಬಿನಿಂದ ಪೆನ್ನು ತೆಗೆದು, ಲಗ್ನಪತ್ರಿಕೆಯ ಬೆನ್ನ ಮೇಲೆ ಹೆಸರು ಬರೆದುಕೊಂಡರು. ಆಮೇಲೆ ಭಾರೀ ಗೌರವದಿಂದ ನನ್ನನ್ನು ಕೇಳಿದರು.

“ಫೀ ಜಾಸ್ತಿ ತಗೋತಾರೇನ್ರಿ, ಡಾಕ್ಟರ?”

“ತಗೋತಾರ್ರಿ,” ಎಂದೆ. “ಆದ್ರ ರಸೀದಿ ಕೊಡ್ತಾರ.”