ಹಾಲಕ್ಕಿ ಸಂಸಾರ

ಕಾಂತರಾಜು ಫೋಟೊದ ಜೊತೆ ಬರೆದು ಕಳಿಸಿದ್ದು ‘ಹಳೇ ಮನೆ’ ಎಂದು. ಭಾನುವಾರದ ಪತ್ರಿಕೆಯಲ್ಲಿ ಅಚ್ಚಾಗಿದ್ದು ‘ಪಾಳು ಮನೆ’ ಎಂದು.

ಹುಣಸೂರಿನ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಕ್ಯಾಮೆರಾ ಹುಚ್ಚು. ಕಾಕನಕೋಟೆಯ ಸಫಾರಿಗೆ ಮೂರು ಸಲ ಹೋಗಿ, ಮುಂದಿನ ಸೀಟಿನವರ ಟೋಪಿಗಳನ್ನು ಸೆರೆಹಿಡಿದು ಬಂದಿದ್ದ. ಕೊನೆಗೆ ಅದೃಷ್ಟ ಒಲಿದದ್ದು ಕಂಪಲಾಪುರದಲ್ಲಿ, ಅವನ ಮನೆಯೆದುರಿಗೇ. ಪುಟ್ಟಮಲ್ಲಪ್ಪನವರ ಮಣ್ಣಿನ ಗೋಡೆ, ಕೆತ್ತನೆಯ ಕಂಬ, ಮೇಲಿನ ಬಿರುಕಿನಿಂದ ಇಣುಕುವ ಜೋಡಿ ಹಾಲಕ್ಕಿ. ಹಾಲಕ್ಕಿಯೆಂದರೆ ಅಂಗೈಯಗಲದ ಗೂಬೆ. ಒಂದು ತಿಂಗಳು ಕಾದು ತೆಗೆದ ಫೋಟೊ ಅದು.

ಬೆಳಿಗ್ಗೆ ಏಳಕ್ಕೇ ಅದರಡಿಯ ಸಾಲನ್ನು ಬೀದಿಗೆಲ್ಲ ಓದಿ ಹೇಳಿದವನು ಪಕ್ಕದ ಮನೆಯ ಮಹದೇವಪ್ಪ. “‘ಪಾಳು ಮನೆಯಲ್ಲಿ ಹಾಲಕ್ಕಿ ಸಂಸಾರ, ಕಂಪಲಾಪುರ.’ ಪುಟ್ಟಮಲ್ಲಪ್ಪಣ್ಣಾ, ನಿಮ್ಮನೇನ ಪಾಳು ಬೀಳಿಸವ್ನೆ ಕಣ್ರೀ!”

ಪುಟ್ಟಮಲ್ಲಪ್ಪ ಬನಿಯನ್ನಿನಲ್ಲೇ ಕಾಂತರಾಜುವಿನ ಬಾಗಿಲಿಗೆ ಓಡಿಬಂದರು. ಹಿಂದೆಯೇ ಹೆಂಡತಿ ಶಿವರುದ್ರಮ್ಮ, ಮುದ್ದೆ ತಿರುವುವ ಕೋಲಿನ ಸಮೇತ.

“ಇವತ್ತು ನಾಕ್ ಗಂಟೆಗೆ ಕೆ.ಆರ್. ನಗರದಿಂದ ನಮ್ ಪುಷ್ಪನ್ನ ನೋಡಕ್ಕೆ ಬತ್ತಾವ್ರೆ ಕಣ್ಲಾ! ಗೂಬೆ ಸೇರ್ಕಂಡಿರೋ ಪಾಳು ಮನೆಯಿಂದ ಯಾವನ್ಲಾ ಹೆಣ್ಣು ತಗತಾನೆ?”

“ಅಣ್ಣಾ, ನಾನು ಹಳೇ ಮನೆ ಅಂತ್ಲೇ ಬರ್ದಿದ್ದು...”

“ಹಳೇದು ಅಂತಾನಾದ್ರೂ ಯಾಕಪ್ಪಾ ಬರೀಬೇಕಿತ್ತು?” ಎಂದರು ಶಿವರುದ್ರಮ್ಮ.

ಮಹದೇವಪ್ಪನ ಬಳಿ ಉಪಾಯವಿತ್ತು. “ಹಾಲಿನ ಡೈರಿಗೆ ಬಳ್ದು ಮಿಕ್ಕಿರೋ ರೋಜ್ ಬಣ್ಣ ಅದೆ. ಬಿರುಕಿಗೆ ಸಿಮೆಂಟ್ ತುಂಬಿ ಬಣ್ಣ ಬಳ್ದುಬುಟ್ರೆ ಫೋಟೊದ ಮನೆ ಇದೇ ಅಂತ ಗುರ್ತೇ ಸಿಗಕ್ಕಿಲ್ಲ. ಫೋಟೊ ತೆಗ್ದೋನೇ ಏಣಿ ಹತ್ಲಿ ಬುಡಿ.”

“ಒಳಗೆ ಮರಿ ಅವೆ ಅಣ್ಣಾ.”

“ನಮ್ಮನೆ ಒಳಗೂ ಮಗಳವ್ಳೆ ಕಣ್ಲಾ. ಇದು ಮೂರ್ನೇ ಸಂಬಂಧ” ಎಂದರು ಪುಟ್ಟಮಲ್ಲಪ್ಪ.

ಕಾಂತರಾಜು ಏಣಿ ಹತ್ತಿದ. ತಾಯಿಹಕ್ಕಿ ಅವನ ಬೋಳುತಲೆಯನ್ನು ತೆಂಗಿನಕಾಯಿಯಂತೆ ತುರಿಯಿತು. ಅರಳೆಯುಂಡೆಗೆ ಕಣ್ಣು ಬಿಡಿಸಿದಂತಿದ್ದ ಮೂರು ಮರಿಗಳನ್ನು ಕುಕ್ಕೆಯಲ್ಲಿಟ್ಟು ತನ್ನ ಹಿತ್ತಲ ಸೀಬೆಮರಕ್ಕೆ ಕಟ್ಟಲು ಹೋದರೆ, ಹೆಂಡತಿ ಮಧುಶ್ರೀ ಅಡ್ಡ ನಿಂತಳು. “ಅವ್ರಿಗೆ ಬ್ಯಾಡಾದ ಗೂಬೆ ನಮ್ಗ್ಯಾಕೆ?” ಕುಕ್ಕೆ ಬೀದಿಯಂಚಿನ ಹೊಂಗೆಮರಕ್ಕೆ ಹೋಯಿತು. ದೊಡ್ಡ ಹಕ್ಕಿಗಳು ಅತ್ತ ಸುಳಿಯಲೇ ಇಲ್ಲ. ಕರೆಂಟು ತಂತಿಯ ಮೇಲೆ ಕೂತು ಗೋಡೆಯನ್ನೇ ನೋಡುತ್ತ ಕಿರುಚಿದವು. ಗೋಡೆ ಆಗಲೇ ಐಸ್‌ಕ್ಯಾಂಡಿಯಂತಾಗಿತ್ತು. ಕಂಬದ ಕೆತ್ತನೆಯ ಗಿಳಿಗಳ ಕೊಕ್ಕಿಗೂ ಮಹದೇವಪ್ಪ ಬಣ್ಣ ತಿನ್ನಿಸಿದ್ದ.

ಹುಡುಗನ ಕಡೆಯವರ ಕಾರು ಅರ್ಧ ಗಂಟೆ ಮೊದಲೇ ಬಂತು. ಏಣಿಯ ಮೇಲೆ ಬಿರುಕಿನ ಕೊನೆಯ ತುದಿಗೆ ಕರಣೆಯಿಂದ ಸಿಮೆಂಟು ಮೆತ್ತುತ್ತಿದ್ದ ಕಾಂತರಾಜುವಿಗೆ ಇಳಿಯಲು ಪುರಸತ್ತಾಗಲಿಲ್ಲ.

ಹುಡುಗ ಶಿವಶಂಕರ್ ಕೈಯಲ್ಲಿದ್ದ ಪತ್ರಿಕೆ ನೋಡಿದ, ಗೋಡೆ ನೋಡಿದ. “ಕಂಬ ಇದೇ. ಹಾಲಕ್ಕಿ ಎಲ್ಲಿ?”

ಅವನ ತಾಯಿ ನಕ್ಕರು. “ನಮ್ಮ ಹುಡುಗ ಜೀವಶಾಸ್ತ್ರದ ಮೇಷ್ಟ್ರು ನೋಡಿ. ನೀವು ಕಳಿಸಿದ್ದ ಹುಡುಗಿ ಫೋಟೊದಲ್ಲಿದ್ದ ಕಂಬಾನೇ ಪೇಪರ್‌ನಲ್ಲೂ ಗುರುತು ಹಿಡಿದು ಕುಣಿದ್ಬಿಟ್ಟ. ಗೂಬೆ ಗೂಡನ್ನೂ ಕೀಳದವ್ರ ಮನೆ ಹೆಣ್ಣೇ ಬೇಕು ಅಂದ.”

ಮಹದೇವಪ್ಪ ಮನೆಯಲ್ಲೇನೋ ಕೆಲಸ ನೆನಪಾಗಿ ಹೊರಟುಹೋದ. ಪುಟ್ಟಮಲ್ಲಪ್ಪ ಏಣಿಯ ಕಡೆ ಕೈ ತೋರಿಸಿದರು.

“ಮಕ್ಳಂಗೆ ಸಾಕಿದ್ವಿ ಕಣ್ರೀ. ಇಗೋ, ಇವ್ನೇ, ಬ್ಯಾಡ ಬ್ಯಾಡ ಅಂದ್ರೂ ಕಿತ್ತಾಕ್ಬುಟ್ಟ!”

ಶಿವರುದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಾಂತರಾಜು ಬಾಯಿ ತೆರೆದ. ಬಾಗಿಲ ಮರೆಯಲ್ಲಿ ರೇಷ್ಮೆಸೀರೆಯುಟ್ಟ ಪುಷ್ಪಾ ನಿಂತಿದ್ದಳು. ಯಾರಿಗೂ ಕಾಣದಂತೆ ಅವನತ್ತ ಕೈ ಮುಗಿದಳು. ಅವನು ಬಾಯಿ ಮುಚ್ಚಿದ.

ಕಾಫಿ ಆರುವುದರೊಳಗೆ ಸಂಬಂಧ ಕುದುರಿತು. ಶಿವಶಂಕರ್ ಫೋನು ಎತ್ತಿಕೊಂಡು ಹೊರಗೆ ಬಂದ.

“ಇಳೀಬೇಡಿ. ದೂರಿನ ಜೊತೆ ಫೋಟೊ ಅರಣ್ಯ ಇಲಾಖೆಗೆ ಕಳಿಸ್ಬೇಕು. ಮುಖ ಈ ಕಡೆ ತಿರುಗ್ಸಿ. ಆ ಕರಣೆ ಸ್ವಲ್ಪ ಕಾಣೋ ಹಾಗೆ ಹಿಡೀರಿ.”

ಕಾಂತರಾಜು ಹಿಡಿದ.